ಲೈಟ್‌ಹೌಸಿನ ಕುರಿಗಳು

ಕಾಂಪ್ರಿಹೆನ್ಶನ್ ಎಂಬುದು ಪಿಂಚಣಿಯಲ್ಲೇ ಒಂದು ಬಗೆ ಎಂದು ನಮ್ಮ ತಾತ ಕೊನೆಯವರೆಗೂ ನಂಬಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಜಗಲಿಯ ಮೇಲೆ ಕೂತು ಅದರ ಸ್ಪೆಲ್ಲಿಂಗ್ ಉರು ಹೊಡೆಯುತ್ತಿದ್ದೆ. ತಾತ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ, “ಅದೇನ್ಲಾ ಆವಾಗಿಂದ ಪೆನ್ಶನ್ನು ಪೆನ್ಶನ್ನು ಅಂತಿದ್ದೀಯ? ನಿಂಗ್ಯಾರ್ಲಾ ಕೊಡ್ತಾರೆ?” ಎಂದರು. ಪರೀಕ್ಷೆಯಲ್ಲಿ ಕೊಡ್ತಾರೆ ಎಂದೆ.

“ಎಷ್ಟು?”

“ಐದು ಮಾರ್ಕ್ಸು.”

“ತಿಂಗ್ಳಿಗಾ?”

ನಮ್ಮೂರಿನಲ್ಲಿ ಪಿಂಚಣಿ ಎಣಿಸುತ್ತಿದ್ದವರು ಒಬ್ಬರೇ, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ಮಾರನೇ ದಿನ ಅರಳಿಕಟ್ಟೆಯಲ್ಲಿ ತಾತ ಅವರ ಮುಂದೆ ಎದೆ ಸೆಟೆಸಿಕೊಂಡು, “ನಮ್ಮ ಹುಡ್ಗನಿಗೂ ಬರ್ತದಂತೆ” ಎಂದು ಹೇಳಿಬಂದರು. ಗ್ಯಾಂಗ್‌ಮನ್ನರು ನನ್ನನ್ನು ಕಂಡಾಗಲೆಲ್ಲ ಇಬ್ಬರೂ ಒಂದೇ ಇಲಾಖೆಯವರು ಎಂಬಂತೆ ತಲೆಯಾಡಿಸತೊಡಗಿದರು.

ನಮ್ಮೂರು ಇರುವುದು ಗುಬ್ಬಿಗೂ ನಿಟ್ಟೂರಿಗೂ ನಡುವೆ, ಹಳಿಯ ಪಕ್ಕದಲ್ಲಿ. ಆಗಿನ್ನೂ ಮೀಟರ್ ಗೇಜಿನ ಕಾಲ. ಹಳಿಯ ಗುಂಟ ನಡೆದು ಗುಬ್ಬಿಯ ಹೈಸ್ಕೂಲಿಗೆ ಹೋಗುತ್ತಿದ್ದೆವು. ಸ್ಲೀಪರಿನಿಂದ ಸ್ಲೀಪರಿಗೆ ಒಂದು ಹೆಜ್ಜೆ, ಹೆಜ್ಜೆಗೊಂದು ಸ್ಪೆಲ್ಲಿಂಗ್ ಅಕ್ಷರ. ‘ಬ್ಯೂಟಿಫುಲ್’ ಮುಗಿಯುವಷ್ಟರಲ್ಲಿ ಒಂಬತ್ತು ಸ್ಲೀಪರು ದಾಟಿರುತ್ತಿದ್ದೆವು. ಎಬಿಸಿಡಿ ನಮಗೆ ಶುರುವಾದದ್ದೇ ಐದನೇ ಕ್ಲಾಸಿನಲ್ಲಿ. ಒಂದನೇ ಕ್ಲಾಸಿನಿಂದಲೇ ಸರ್ಕಾರಿ ಶಾಲೆಗೆ ಇಂಗ್ಲಿಷ್ ಬರುವುದಕ್ಕೆ 2007ರವರೆಗೆ ಕಾಯಬೇಕಿತ್ತು. ನಾವು ಅಷ್ಟು ಕಾಯಲಿಲ್ಲ, 1987ಕ್ಕೇ ಎಸ್ಸೆಸ್ಸೆಲ್ಸಿಗೆ ಕೂತುಬಿಟ್ಟೆವು.

ಇಂಗ್ಲಿಷ್ ಪೇಪರಿನಲ್ಲಿ ಪದ್ಯದ್ದು, ಪಾಠದ್ದು ಎಲ್ಲವನ್ನೂ ಗೈಡು ನೋಡಿ ಬಾಯಿಪಾಠ ಮಾಡಬಹುದಿತ್ತು. ಕೈಗೆ ಸಿಗದೆ ಓಡುತ್ತಿದ್ದದ್ದು ‘ಅನ್‌ಸೀನ್ ಪ್ಯಾಸೇಜ್’ ಒಂದೇ. ಎಲ್ಲಿಂದಲೋ ಕಿತ್ತುತಂದ ಹತ್ತು ಹನ್ನೆರಡು ಸಾಲು, ಕೆಳಗೆ ಐದು ಪ್ರಶ್ನೆ, ಕೊನೆಗೆ ಸೂಕ್ತ ಶೀರ್ಷಿಕೆ ಕೊಡಿ. ಹೆಸರಿಗೆ ತಕ್ಕಂತೆ ಅದರಲ್ಲಿ ಇರುತ್ತಿದ್ದುದೆಲ್ಲ ನಾವು ಕಾಣದ್ದೇ: ಹಿಮ, ಚಿಮಣಿ, ಓಕ್ ಮರ, ಬಟ್ಲರ್, ಸಂಜೆ ಐದಕ್ಕೆ ಚಹಾ ಕುಡಿಯಲು ಬರುವ ಅತ್ತೆ. ನಮ್ಮ ಅತ್ತೆಯರು ಬಂದರೆ ಹದಿನೈದು ದಿನ ಹೋಗುತ್ತಿರಲಿಲ್ಲ.

ಈ ಕಾಂಪ್ರಿಹೆನ್ಶನ್, ಅಂದರೆ ಓದಿ ಅರ್ಥಮಾಡಿಕೊಳ್ಳುವ ವಿದ್ಯೆಯಲ್ಲಿ ಗುಬ್ಬಿಗೆ ಒಂದು ಹಳೆಯ ಕೀರ್ತಿಯಿದೆ. ಊರಿಗೆ ಆ ಹೆಸರು ಬಂದದ್ದೇ ಎರಡು ಗುಬ್ಬಚ್ಚಿಗಳಿಂದ ಎಂದು ದೊಡ್ಡವರು ಹೇಳುತ್ತಿದ್ದರು. ದೇವಸ್ಥಾನದಲ್ಲಿ ಪುರಾಣ ಓದುವಾಗ ಜೋಡಿ ಗುಬ್ಬಿಗಳು ದಿನವೂ ಬಂದು ಕೂತು ಕೇಳುತ್ತಿದ್ದವಂತೆ. ಪುರಾಣ ಮುಗಿದ ದಿನ ಅಲ್ಲೇ ಪ್ರಾಣ ಬಿಟ್ಟವಂತೆ. ಮೇಷ್ಟ್ರು ಇದನ್ನು ಹೇಳಿ, “ಹಕ್ಕಿಗಳಿಗೆ ಅರ್ಥವಾಯ್ತು, ನಿಮಗೆ ಆಗಲ್ಲ” ಎಂದು ಬೈಯುತ್ತಿದ್ದರು. ಹಿಂದಿನ ಬೆಂಚಿನ ಒಬ್ಬ ಒಮ್ಮೆ ಎದ್ದುನಿಂತು, “ಅರ್ಥ ಆಗಿದ್ದಕ್ಕೇ ಅಲ್ವಾ ಸಾರ್ ಸತ್ತಿದ್ದು?” ಎಂದು ಕೇಳಿ ಇಡೀ ಪೀರಿಯಡ್ಡು ಹೊರಗೆ ನಿಂತ. ಅವನ ಮಾತಿನಲ್ಲಿ ಹುರುಳಿದೆ ಎಂದು ನನಗೆ ಆಗಲೂ ಅನ್ನಿಸಿತ್ತು. ಗುಬ್ಬಿಗಳಿಗಾದರೋ ಪುರಾಣವನ್ನು ಪೂರ್ತಿ ಓದಿದರು. ನಮ್ಮ ಪ್ಯಾಸೇಜುಗಳು ಎಂದೂ ಮುಗಿಯುತ್ತಿರಲಿಲ್ಲ. ನಾವು ಬದುಕಿ ಉಳಿದದ್ದು ಹಾಗೆ.

ಮೇಷ್ಟ್ರು ಕೆಟ್ಟವರಲ್ಲ. ಅರವತ್ತು ಹುಡುಗರನ್ನು ದಡ ಸೇರಿಸಬೇಕಿತ್ತು ಅವರು. ನಿಟ್ಟೂರು ದಾಟಿದರೆ ಸಂಪಿಗೆ ರೋಡ್ ಎಂಬ ಸ್ಟೇಷನ್ ಬರುತ್ತದೆ. ಆ ಸಂಪಿಗೆಯಲ್ಲೇ 1884ರಲ್ಲಿ ಬಿ.ಎಂ.ಶ್ರೀ ಹುಟ್ಟಿದ್ದು. “ಇದೇ ರೈಲ್ವೆ ಲೈನಿನಲ್ಲಿ ಹುಟ್ಟಿದ ಮನುಷ್ಯ ಇಂಗ್ಲಿಷ್ ಪದ್ಯಗಳನ್ನೆಲ್ಲ ಕನ್ನಡಕ್ಕೆ ತಂದುಬಿಟ್ರು ಕಣ್ರೋ. ನಿಮಗೆ ಪ್ಯಾಸೇಜಿನಿಂದ ಪೇಪರಿಗೆ ಒಂದು ಸಾಲು ತರೋಕೆ ಆಗಲ್ವಾ?” ಎನ್ನುತ್ತಿದ್ದರು. ಗುಬ್ಬಿ ನಾಟಕ ಕಂಪನಿ ಕಟ್ಟಿದ್ದೂ ಅದೇ 1884ರಲ್ಲಿ. ಆ ಒಂದು ವರ್ಷದಲ್ಲಿ ನಮ್ಮ ಸೀಮೆಯ ಬುದ್ಧಿಯೆಲ್ಲ ಖರ್ಚಾಗಿಹೋಗಿ ನಮ್ಮ ಬ್ಯಾಚಿಗೆ ಏನೂ ಮಿಕ್ಕಲಿಲ್ಲವೇನೋ.

ಆ ಒಂದು ಸಾಲು ತರುವುದಕ್ಕೆ ಮೇಷ್ಟ್ರು ನಮಗೆ ಕೀಲಿಕೈಗಳನ್ನು ಕೊಟ್ಟಿದ್ದರು. ಪ್ರಶ್ನೆಯಲ್ಲಿ ‘ಹೂ’ ಇದ್ದರೆ ಸಾಲಿನ ನಡುವೆ ದೊಡ್ಡಕ್ಷರ ಎಲ್ಲಿದೆ ನೋಡು. ‘ವೆನ್’ ಇದ್ದರೆ ಅಂಕಿ ಹುಡುಕು. ‘ವೇರ್’ ಇದ್ದರೆ ‘ಇನ್’, ‘ಅಟ್’ಗಳ ಬೆನ್ನಿಗಿರುವುದನ್ನು ಎತ್ತು. ‘ವೈ’ ಬಂದರೆ ‘ಬಿಕಾಸ್’, ಬಿಕಾಸ್ ಇಲ್ಲದಿದ್ದರೆ ‘ಸೋ ದಟ್’, ಅದೂ ಇಲ್ಲದಿದ್ದರೆ ಗುಬ್ಬಿಯಪ್ಪ ಕಾಯಬೇಕು. ಪ್ಯಾಸೇಜನ್ನು ಮೇಲಿನಿಂದ ಓದುವ ಗೋಜಿಗೇ ಹೋಗಬಾರದು. ಮೊದಲು ಪ್ರಶ್ನೆ ನೋಡು, ಅದರಲ್ಲಿ ಉದ್ದನೆಯ ಪದ ಯಾವುದೋ ಅದನ್ನು ಹಿಡಿದುಕೋ, ಪ್ಯಾಸೇಜಿನಲ್ಲಿ ಅದೇ ಪದ ಇರುವ ಸಾಲಿಗೆ ಹೋಗು, ಫುಲ್‌ಸ್ಟಾಪಿನಿಂದ ಫುಲ್‌ಸ್ಟಾಪಿನವರೆಗೆ ಇಳಿಸು.

ಈ ಕೀಲಿಗಳ ಶಕ್ತಿ ಎಷ್ಟೆಂದು ಮೊನ್ನೆ ಹೆಂಡತಿಗೆ ತೋರಿಸಲು ಕನ್ನಡದಲ್ಲೇ ಒಂದು ಪ್ಯಾಸೇಜು ಕಟ್ಟಿದೆ. ‘ಗಿಬ್ಬನು ಹೊಂಟೆಯಲ್ಲಿ ಟೊಳಕೆಯನ್ನು ಮರ್ಚಿದನು, ಏಕೆಂದರೆ ಅವನಿಗೆ ಚಿಕುಲಾಗಿತ್ತು.’ ಗಿಬ್ಬನು ಟೊಳಕೆಯನ್ನು ಎಲ್ಲಿ ಮರ್ಚಿದನು? ಹೊಂಟೆಯಲ್ಲಿ. ಏಕೆ ಮರ್ಚಿದನು? ಅವನಿಗೆ ಚಿಕುಲಾಗಿತ್ತು. ಶೀರ್ಷಿಕೆ? ‘ಗಿಬ್ಬನ ಚಿಕುಲು.’ ಐದಕ್ಕೆ ಐದು. “ಪಾಪ, ಡಾಕ್ಟ್ರಿಗೆ ತೋರಿಸಿದ್ನಾ?” ಎಂದಳು ಹೆಂಡತಿ. ಅವಳಿಗೆ ಅರ್ಥವಾಗಿತ್ತು.

ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಮೇಷ್ಟ್ರು ಡಿಕ್ಟೇಷನ್ ಕೊಟ್ಟ ಒಂದು ಪ್ಯಾಸೇಜಿನ ಬಗ್ಗೆ ಹೇಳಬೇಕು. ಆಗ ನಮ್ಮ ಕಡೆ ಜೆರಾಕ್ಸು ಇರಲಿಲ್ಲ. ಮೇಷ್ಟ್ರ ಕೈಯಲ್ಲೊಂದು ಗೈಡು. ಅವರು ಓದುವುದು, ನಾವು ಕಿವಿಗೆ ಬಿದ್ದಂತೆ ಬರೆದುಕೊಳ್ಳುವುದು. ಕಷ್ಟದ ಪದಗಳೆಂದು ಮೂರಕ್ಕೆ ಅವರು ಬೋರ್ಡಿನ ಮೇಲೆ ಅರ್ಥ ಬರೆದಿದ್ದರು. ರಾಕ್ ಎಂದರೆ ಬಂಡೆ, ಸ್ಟಾರ್ಮ್ ಎಂದರೆ ಬಿರುಗಾಳಿ, ಲ್ಯಾಂಟರ್ನ್ ಎಂದರೆ ಲಾಟೀನು. ಉಳಿದದ್ದು ನಮಗೆ ಗೊತ್ತಿದೆ ಎಂದು ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು.

ಮನೆಗೆ ಬಂದು ಓದತೊಡಗಿದೆ. ಒಬ್ಬ ಮುದುಕ ಒಂಟಿಯಾಗಿ ಲೈಟ್‌ಹೌಸಿನಲ್ಲಿ ವಾಸವಾಗಿದ್ದ. ಲೈಟ್ ಎಂದರೆ ಲೈಟು, ಹೌಸ್ ಎಂದರೆ ಮನೆ. ಲೈಟಿರುವ ಮನೆ. ನಮ್ಮೂರಿನಲ್ಲಿ ಬಹಳ ಕಾಲ ಅಂಥದ್ದು ಪಟೇಲರ ಮನೆ ಒಂದೇ ಇತ್ತು, ಆಮೇಲೆ ಭಾಗ್ಯಜ್ಯೋತಿಯಲ್ಲಿ ನಮಗೂ ಒಂದು ಬಲ್ಬು ಬಂದಿತ್ತು. ಮುಂದಿನ ಸಾಲು: ಪ್ರತಿ ರಾತ್ರಿ ಅವನು ದೀಪ ಹಚ್ಚುತ್ತಿದ್ದ, ‘ಸೋ ದಟ್ ದ ಶೀಪ್ಸ್ ವುಡ್ ನಾಟ್ ಸ್ಟ್ರೈಕ್ ದ ರಾಕ್ಸ್’. ಕುರಿಗಳು ಬಂಡೆಗೆ ಡಿಕ್ಕಿ ಹೊಡೆಯಬಾರದೆಂದು! ಮೇಷ್ಟ್ರ ಬಾಯಲ್ಲಿ ಬಂದದ್ದು ಶೀಪ್ಸೇ, ನನ್ನ ನೋಟ್‌ಬುಕ್ಕಿನಲ್ಲಿ ಇಳಿದದ್ದೂ ಎರಡು ‘ಇ’ ಹಾಕಿದ ಶೀಪ್ಸೇ. ಶೀಪ್‌ಗೆ ಬಹುವಚನದಲ್ಲಿ ‘ಎಸ್’ ಬರುವುದಿಲ್ಲ ಎಂದು ಅವರೇ ಎರಡು ವಾರದ ಹಿಂದೆ ಕಲಿಸಿದ್ದರು. ಗೈಡಿನವರು ತಪ್ಪು ಅಚ್ಚು ಹಾಕಿದ್ದಾರೆ ಎಂದುಕೊಂಡು ಕ್ಷಮಿಸಿದೆ. ಒಂದು ರಾತ್ರಿ ಬಿರುಗಾಳಿ ಎದ್ದಿತು. ಮುಂದೆ ‘ದ ಕ್ಯಾಪ್ಟನ್ ಬ್ಲೂ ಹಿಸ್ ಹಾರ್ನ್ ಥ್ರೀ ಟೈಮ್ಸ್’. ಕ್ಯಾಪ್ಟನ್ ಎಂದರೆ ಮುಂದಾಳು, ಹಿಂಡಿನ ಮುಂದೆ ಹೋಗುವ ಟಗರು. ಹಾರ್ನ್ ಎಂದರೆ ಕೊಂಬು. ಬ್ಲೂ ಎಂದರೆ ನೀಲಿ. ಟಗರಿನ ಕೊಂಬಿಗೆ ಮೂರು ಸಲ ನೀಲಿ ಬಳಿದಿದ್ದರು.

ಅಮ್ಮ ಒಲೆಯ ಪಕ್ಕದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಳು. ಸೊಗಡಿನ ಕಾಲ. ನೀರಲ್ಲಿ ನೆನೆದು ಉಬ್ಬಿದ ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಚಿಮ್ಮಿ ತಪ್ಪಲೆಗೆ ಬೀಳುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಅಮ್ಮ ಕಾಳಿನ ಕಡೆ ನೋಡುತ್ತಲೇ ಇರಲಿಲ್ಲ. ಕೈ ತನ್ನ ಪಾಡಿಗೆ ಹಿತುಕುತ್ತಿತ್ತು, ಕಿವಿ ನನ್ನ ಕಡೆಗಿತ್ತು. “ಅದೇನು ಓದ್ತಿದ್ದೀಯೋ ಕನ್ನಡದಾಗೆ ಹೇಳು, ನಂಗೂ ಹೊತ್ತು ಹೋಗ್ಲಿ” ಎಂದಳು. ಹೇಳಿದೆ.

“ಲೈಟಿರೋ ಮನೆ ಅಂದ್ರೆ ನಮ್ಮಂಗೇ ಬಡವ ಅನ್ನು. ಒಬ್ನೇ ಯಾಕಿದ್ದ? ಮಕ್ಳು ಬೆಂಗಳೂರಿಗೆ ಹೋಗಿದ್ರಾ?”

“ಅದು ಕೊಟ್ಟಿಲ್ಲಮ್ಮ.”

“ನೀಲಿ ಯಾಕೆ ಬಳಿದಿದ್ರು? ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿಯೋದು ಕಂಡಿದ್ದೀನಿ. ಟಗರಿಗೂ ಬಳೀತಾರಾ ಅವ್ರು?”

“ಇಂಗ್ಲೆಂಡಿನಲ್ಲಿ ಬಳೀಬಹುದು.”

“ಮೂರು ಕೋಟು ಬಳಿದವ್ರೆ ಅಂದ್ಮೇಲೆ ಮುದ್ದಿನ ಟಗರೇ. ಆಮೇಲೆ?”

ಆಮೇಲೆ ಒಂದೇ ಸಾಲು. ಮುದುಕ ಲಾಟೀನು ಎತ್ತಿಕೊಂಡು, ಬಾಗಿಲು ತೆಗೆದು, ಬಿರುಗಾಳಿಯೊಳಕ್ಕೆ ಹೊರಟ. ಫುಲ್‌ಸ್ಟಾಪು. ಅದರ ಕೆಳಗೆ, ‘ಆನ್ಸರ್ ದ ಫಾಲೋಯಿಂಗ್ ಕ್ವೆಶ್ಚನ್ಸ್’.

“ಆಮೇಲೆ?”

“ಅಷ್ಟೇ ಅಮ್ಮ.”

ಅಮ್ಮನ ಕೈ ನಿಂತಿತು. “ಅಷ್ಟೇ ಅಂದ್ರೆ? ಅಷ್ಟೊತ್ನಲ್ಲಿ ಲಾಟೀನು ಹಿಡ್ಕೊಂಡು ಹೋದೋನು ಬಂದ್ನೋ ಇಲ್ವೋ? ಕುರಿ ಸಿಕ್ಕಿದ್ವಾ? ಆ ನೀಲಿ ಕೊಂಬಿಂದು?”

ಅದನ್ನು ಕೇಳಿಲ್ಲ, ಕೇಳಿರುವುದು ಇಷ್ಟೇ ಎಂದು ಐದು ಪ್ರಶ್ನೆಗಳನ್ನು ಓದಿ ಹೇಳಿದೆ. ಮುದುಕ ಎಲ್ಲಿ ವಾಸವಾಗಿದ್ದ? ದೀಪ ಏಕೆ ಹಚ್ಚುತ್ತಿದ್ದ? ಅಮ್ಮ ಕೇಳಿಸಿಕೊಂಡು, “ಇವೆಲ್ಲಾ ಅವ್ರೇ ಮೇಲೆ ಹೇಳವ್ರಲ್ಲ. ಹೇಳಿದ್ನೇ ಯಾಕೆ ಕೇಳ್ತಾರೆ?” ಎಂದಳು. ಈಗಲೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ.

ನನ್ನ ಐದೂ ಉತ್ತರಕ್ಕೆ ಮೇಷ್ಟ್ರ ರೈಟು ಬಿತ್ತು. ಸ್ಪೆಲ್ಲಿಂಗಿಗೆಂದು ಅರ್ಧ ಕಡಿದು ನಾಲ್ಕೂವರೆ ಕೊಟ್ಟರು. ಇಡೀ ಕಥೆಯಲ್ಲಿ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಆದರೂ ಐದಕ್ಕೆ ನಾಲ್ಕೂವರೆ! ಅಮ್ಮ ಮಾತ್ರ ಸುಮಾರು ದಿನ, ಸಂಜೆ ಕುರಿಮಂದೆ ಊರೊಳಕ್ಕೆ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು, “ಆ ಮುದುಕಪ್ಪನ ವಿಚಾರ ಮುಂದಕ್ಕೇನಾದ್ರೂ ಪಾಠ ಆಯ್ತೇನೋ?” ಎಂದು ಕೇಳುತ್ತಿದ್ದಳು.

ಪಬ್ಲಿಕ್ ಪರೀಕ್ಷೆಯಲ್ಲಿ ನನ್ನ ಕೀಲಿಕೈಗಳು ಮುರಿದವು. ಪ್ಯಾಸೇಜಿನ ಕೆಳಗೆ ‘ಇನ್ ಯುವರ್ ಓನ್ ವರ್ಡ್ಸ್’ ಎಂದು ಅಚ್ಚಾಗಿತ್ತು. ನಿಮ್ಮ ಸ್ವಂತ ಪದಗಳಲ್ಲಿ ಬರೆಯಿರಿ. ನನ್ನ ಸ್ವಂತ ಪದಗಳೆಲ್ಲ ಕನ್ನಡದಲ್ಲಿದ್ದವು. ಕಾಲು ಗಂಟೆ ಪೆನ್ನಿನ ಮುಚ್ಚಳ ಕಚ್ಚಿದೆ. ಶೀರ್ಷಿಕೆ ಕೊಡಿ ಎಂದ ಕಡೆ ಬೇರೇನೂ ತೋಚದೆ ‘ಎ ಪ್ಯಾಸೇಜ್’ ಎಂದು ಬರೆದುಬಂದೆ. ಇಂಗ್ಲಿಷಿನಲ್ಲಿ 28. ಉಳಿದೆಲ್ಲದರಲ್ಲಿ ಪಾಸು. ತಾತ ಗ್ಯಾಂಗ್‌ಮನ್ನರಿಗೆ, “ಅದೇನೋ ಕಾಗದಪತ್ರದಲ್ಲಿ ತೊಡಕಾಗಿ ಪೆನ್ಶನ್ನು ನಿಂತದೆ” ಎಂದು ಸಮಜಾಯಿಷಿ ಕೊಟ್ಟರು.

ಸಪ್ಲಿಮೆಂಟರಿ ಕಟ್ಟಿಸಿ ನನ್ನನ್ನು ಕುಣಿಗಲ್ಲಿಗೆ ಸೋದರಮಾವನ ಮನೆಗೆ ಸಾಗಿಸಿದರು. ತುಮಕೂರಿನಲ್ಲಿ ಬಸ್ಸು ಬದಲಿಸಿ, ಹೆಬ್ಬೂರಿನ ಮೇಲೆ ಹೋಗಬೇಕು. ಮಾವ ಕುದುರೆ ಫಾರಮ್ಮಿನಲ್ಲಿ ಸೈಸ. ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಸಾಕುತ್ತಿದ್ದ ಜಾಗವಂತೆ ಅದು. ನಾನು ಹೋಗುವ ಹೊತ್ತಿಗೆ ರೇಸಿನ ಕುದುರೆ ತಳಿ ಮಾಡುತ್ತಿದ್ದರು. ಅಲ್ಲಿ ಕುದುರೆಗಳಿಗೆಲ್ಲ ಇಂಗ್ಲಿಷ್ ಹೆಸರು. ಮೂರನೇ ಕ್ಲಾಸು ಓದಿದ್ದ ಮಾವ, ‘ಕಮಾನ್’, ‘ಈಜಿ ಈಜಿ’, ‘ಗುಡ್ ಗರ್ಲ್’ ಎಂದರೆ ಅವು ಕಿವಿ ಅಲುಗಿಸಿ ಹತ್ತಿರ ಬಂದು ಮೂಗು ಒತ್ತುತ್ತಿದ್ದವು. ನಾನು ಬೇಲಿಯಾಚೆ ನಿಂತು ಅದನ್ನು ನೋಡುತ್ತ ನನ್ನ 28ನ್ನು ನೆನೆಯುತ್ತಿದ್ದೆ. “ಕುದುರೆಗೇ ಬರೋದು ನಿಂಗೆ ಬರಲ್ವೇನ್ಲಾ?” ಎಂದು ಮಾವ ಧೈರ್ಯ ತುಂಬುತ್ತಿದ್ದ. ಅವನಿಗೆ ಗೊತ್ತಿದ್ದ ಧೈರ್ಯ ತುಂಬುವ ಕ್ರಮ ಅದೊಂದೇ.

ಕೆರೆ ಏರಿಯ ಹತ್ತಿರ ನಿವೃತ್ತ ಮೇಷ್ಟ್ರೊಬ್ಬರು ಟ್ಯೂಷನ್ ಹೇಳುತ್ತಿದ್ದರು. ಮೊದಲ ದಿನವೇ ನನ್ನ ಕೈಗೆ ಒಂದು ಗೈಡು ಕೊಟ್ಟು, ಇಷ್ಟ ಬಂದ ಪ್ಯಾಸೇಜು ಆರಿಸಿಕೊ ಎಂದರು. ಪುಟ ತಿರುವುತ್ತಿದ್ದವನಿಗೆ ಲೈಟ್‌ಹೌಸು ಸಿಕ್ಕಿತು. ಹಳೆಯ ನೆಂಟರು ಸಂತೆಯಲ್ಲಿ ಸಿಕ್ಕಂತೆ ಖುಷಿಯಾಗಿ, “ಇದು ನಂಗೆ ಬರುತ್ತೆ ಸಾರ್, ಕುರಿ ಕಾಯೋ ಮುದುಕಂದು” ಎಂದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. ಪೆನ್ಸಿಲಿನ ತುದಿಯನ್ನು ಆ ಪದದ ಕೆಳಗೆ ಇಟ್ಟರು. ಎಸ್, ಎಚ್, ಐ, ಪಿ. ಇನ್ನೊಂದು ಸಾಲಿನಲ್ಲಿ ಎಸ್, ಇ, ಎ. ಮತ್ತೊಂದರಲ್ಲಿ ಬಿ, ಎಲ್, ಇ, ಡಬ್ಲ್ಯೂ. ಒಂದೊಂದಕ್ಕೂ ಅರ್ಥ ಹೇಳಿದರು. ನನ್ನ ಕಣ್ಣೆದುರಿಗೇ ಕುರಿಗಳು ಒಂದೊಂದಾಗಿ ಹಡಗಾದವು. ಟಗರು ಟೊಪ್ಪಿ ಹಾಕಿಕೊಂಡ ದೊರೆಯಾಯಿತು. ಅದರ ನೀಲಿ ಕೊಂಬು ಊದುವ ಪೀಪಿಯಾಯಿತು. ನಮ್ಮೂರಾಚೆಯ ಬಯಲಿಗೆಲ್ಲ ಉಪ್ಪುನೀರು ನುಗ್ಗಿತು.

ಸಂಜೆ ಏರಿಯ ಮೇಲೆ ಬಹಳ ಹೊತ್ತು ಕೂತಿದ್ದೆ. ಮೂಡಲ ಕುಣಿಗಲ್ ಕೆರೆ ಎಂದು ಜನಪದರು ಹಾಡಿಕೊಂಡು ಬಂದಿರುವ ಕೆರೆ ಅದು. ಆ ವರ್ಷ ನೀರು ಚೆನ್ನಾಗಿತ್ತು. ಪ್ಯಾಸೇಜಿನ ಪ್ರತಿ ಪದವೂ ಈಗ ನನಗೆ ಗೊತ್ತಾಗಿತ್ತು, ಸಪ್ಲಿಮೆಂಟರಿಯಲ್ಲಿ ಪಾಸಾಗುವುದೂ ಖಾತ್ರಿಯಿತ್ತು. ಆದರೆ ಆ ದೊರೆಯ ಹಡಗು ದಡ ಸೇರಿದರೆಷ್ಟು, ಬಿಟ್ಟರೆಷ್ಟು? ಕುರಿಗಳ ಬಗ್ಗೆ ಇದ್ದ ಚಿಂತೆ ಅದರ ಬಗ್ಗೆ ಬರಲಿಲ್ಲ. ಊರಿಗೆ ಹೋದಾಗ ಅಮ್ಮನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ, ಅವಳು ಇಷ್ಟು ದಿನ ಸಾಕಿದ್ದ ಮಂದೆಯನ್ನು ನಾನೇ ಮಾರಿಬಂದಂತೆ ಆಗುತ್ತಿತ್ತು.

ಪಾಸಾದೆ. ಎಷ್ಟು ಬಂತು ಎನ್ನುವುದು ಈಗ ಮುಖ್ಯವಲ್ಲ. ಆಗಲೂ ಯಾರೂ ಕೇಳಲಿಲ್ಲ.

ಪಿಯುಸಿಗೆ ತುಮಕೂರು ಸೇರಿದೆ. ಹೊರಪೇಟೆಯಲ್ಲಿ ರೂಮು ಹುಡುಕುವಾಗ ಮನೆಯೊಡತಿ, “ರೂಮಿಲ್ಲಪ್ಪ, ಬೇಕಾದ್ರೆ ಪ್ಯಾಸೇಜಲ್ಲಿ ಮಲ್ಕೊ” ಎಂದರು. ನಡುಮನೆಗೂ ಬಚ್ಚಲಿಗೂ ನಡುವಿನ ಮೂರಡಿ ಅಗಲದ ಓಣಿಗೂ ಪ್ಯಾಸೇಜ್ ಎನ್ನುತ್ತಾರೆಂದು ಆಗಲೇ ತಿಳಿದದ್ದು. ಎರಡು ವರ್ಷ ಅಲ್ಲೇ ಇದ್ದೆ. ಬೆಳಗಿನ ಜಾವ ಮನೆಮಂದಿಯೆಲ್ಲ ನನ್ನನ್ನು ದಾಟಿಕೊಂಡೇ ಬಚ್ಚಲಿಗೆ ಹೋಗುತ್ತಿದ್ದರು. ಪ್ಯಾಸೇಜಿನಲ್ಲಿ ವಾಸ ಮಾಡುವ ಮುದುಕನ ಕಷ್ಟ ನನಗಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿ ಇರಲಾರರು.

ಅಲ್ಲಿನ ಗ್ರಂಥಾಲಯದಲ್ಲಿ ಒಂದು ದಿನ ತೆಳ್ಳನೆಯ ಇಂಗ್ಲಿಷ್ ಪುಸ್ತಕ ಕಣ್ಣಿಗೆ ಬಿತ್ತು. ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’. ಎದೆ ಧಸಕ್ಕೆಂದಿತು. ಮುದುಕ, ಸಮುದ್ರ. ನಮ್ಮ ಪ್ಯಾಸೇಜನ್ನು ಕಿತ್ತದ್ದು ಇದರಿಂದಲೇ! ಇದರಲ್ಲಿ ಕೊನೆಯೂ ಇದ್ದೇ ಇರುತ್ತದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಎರಡು ಪುಟದಂತೆ, ಬಚ್ಚಲಿಗೆ ಹೋಗುವವರ ಕಾಲಡಿಯಲ್ಲಿ ಓದಿದೆ. 84 ದಿನ ಒಂದೂ ಮೀನು ಸಿಗದ ಮುದುಕ, ಆಮೇಲೆ ಸಿಕ್ಕ ದೊಡ್ಡ ಮೀನು, ಅದನ್ನು ದಾರಿಯಲ್ಲೇ ತಿಂದು ಮುಗಿಸುವ ಶಾರ್ಕುಗಳು. ರಾತ್ರಿ ಹೊತ್ತಿನಲ್ಲಿ ದೂರದ ಹವಾನಾ ಊರಿನ ದೀಪಗಳ ಬೆಳಕು ಕಂಡಿತು ಎಂದಾಗ ಲೈಟ್‌ಹೌಸು ಬಂತೇ ಬಂತು ಎಂದು ಎದ್ದು ಕೂತೆ. ಬರಲಿಲ್ಲ. ಪುಸ್ತಕ ಮುಗಿಯಿತು. ಕೊನೆಯವರೆಗೆ ಓದಿದ ನನ್ನ ಮೊದಲ ಇಂಗ್ಲಿಷ್ ಪುಸ್ತಕ ಅದು, ಓದಿದ್ದು ತಪ್ಪು ಮುದುಕನನ್ನು ಹುಡುಕಿಕೊಂಡು. ರಜೆಯಲ್ಲಿ ಅಮ್ಮನಿಗೆ ಕಥೆ ಹೇಳಿದೆ. “ಅಯ್ಯೋ, ಬರೀ ಮುಳ್ಳು ತಂದ್ನಾ ಪಾಪ” ಎಂದು ಮರುಗಿದಳು. ಆಮೇಲೆ, “ಇವನು ಬೇರೆ ಬಿಡು. ಅವನತ್ರ ಕುರಿ ಇದ್ವು” ಎಂದಳು.

ಇದೆಲ್ಲ ಮರೆತುಹೋದದ್ದೆಂದೇ ತಿಳಿದಿದ್ದೆ. 2020ರಲ್ಲಿ ಮತ್ತೆ ನೆನಪಿಗೆ ತಂದವನು, ಕುಣಿಗಲ್ ಮಾವನ ಮನೆಗೇ ಸೊಸೆಯಾಗಿ ಹೋದ ಅಕ್ಕನ ಮಗ. ಅವನು ಚೀನಾದಲ್ಲಿ ಎಂಬಿಬಿಎಸ್ ಓದುತ್ತಿದ್ದ. ಆ ವರ್ಷದ ಶುರುವಿನಲ್ಲಿ ಕೊರೊನಾ ಎಂದು ಕುಣಿಗಲ್ಲಿಗೆ ಬಂದವನು, ಅಟ್ಟದ ಮೇಲೆ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಎರಡು ವರ್ಷ ಅಲ್ಲಿಂದಲೇ ಡಾಕ್ಟರಿಕೆ ಕಲಿತ. ಲಾಕ್‌ಡೌನ್ ಸಡಿಲವಾದಾಗ ಹೋಗಿದ್ದೆ. ರಾತ್ರಿ ಊಟದ ಹೊತ್ತಿನಲ್ಲಿ ಅವನ ಮೊಬೈಲು ಗುಂಯ್‌ಗುಟ್ಟಿತು. ಅಲ್ಲಿನ ಸಹಪಾಠಿಯ ತಮ್ಮನೊಬ್ಬ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದನಂತೆ. ಇಂಗ್ಲಿಷ್ ಪ್ಯಾಸೇಜುಗಳ ಫೋಟೋ ತೆಗೆದು ಇವನಿಗೆ ಕಳಿಸಿ ಉತ್ತರ ಕೇಳುತ್ತಿದ್ದ. “ನಂಗೆ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಬಂದಿದ್ದು ನಿಮಗೆ ಗೊತ್ತಲ್ಲ ಮಾವ. ಅಲ್ಲಿ ನಾನು ಇಂಗ್ಲಿಷ್ ಪಂಡಿತ” ಎಂದು ನಕ್ಕ. ಸೈಸನ ಮೊಮ್ಮಗನ ಮುಂದೆ ಚೀನಾ ದೇಶ ಇಂಗ್ಲಿಷಿಗೆ ಕೈಯೊಡ್ಡಿ ನಿಂತದ್ದು ನೋಡಲು ನಮ್ಮ ಮಾವ ಇರಬೇಕಿತ್ತು.

ಅಲ್ಲಿನ ಆ ದೊಡ್ಡ ಪರೀಕ್ಷೆಯ ಹೆಸರು ಗಾವೊಕಾವೊ. ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷಿಗೇ 150. ಪ್ರತಿವರ್ಷ ಜೂನ್ 7ಕ್ಕೆ ಶುರುವಾಗುವುದು ಆ ವರ್ಷ ಜುಲೈ 7ಕ್ಕೆ ಹೋಗಿತ್ತು. ನಮ್ಮ ಎಸ್ಸೆಸ್ಸೆಲ್ಸಿಯೂ ಜೂನ್ 25ಕ್ಕೆ ಸರಿದಿತ್ತು. ಪಕ್ಕದ ಮನೆಯ ಹುಡುಗಿಯೊಬ್ಬಳು ಮಾಸ್ಕ್ ಹಾಕಿಕೊಂಡು ಇವನ ಹತ್ತಿರ ಡೌಟು ಕೇಳಲು ಬರುತ್ತಿದ್ದಳು. ಹಾಗಾಗಿ ಒಂದೇ ಮೇಜಿನ ಮೇಲೆ, ಈ ಪಕ್ಕ ಕುಣಿಗಲ್ಲಿನ ಪ್ಯಾಸೇಜು, ಆ ಪಕ್ಕ ಚೀನಾದ ಪ್ಯಾಸೇಜು. ಅವರದ್ದರಲ್ಲಿ ಎಬಿಸಿಡಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎನ್ನುತ್ತಾರೆ. ಆ ಹುಡುಗನೂ ಮೇಲಿನಿಂದ ಓದುವುದಿಲ್ಲವಂತೆ, ಮೊದಲು ಪ್ರಶ್ನೆ, ಆಮೇಲೆ ಪದ ಹುಡುಕು. ನಮ್ಮ ಮೇಷ್ಟ್ರ ಕೀಲಿಕೈ ಅಲ್ಲಿಯವರೆಗೆ ಹೇಗೆ ಹೋಯಿತೋ ಕಾಣೆ.

ಅಕ್ಕನ ಮಗ ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದವನು ಲಿ ಹುವಾ. ಚೀನಾದ ಇಂಗ್ಲಿಷ್ ಪೇಪರಿನಲ್ಲಿ ಪತ್ರ ಬರೆಯುವ ಪ್ರಶ್ನೆ ಬಂದರೆ, ‘ನೀನು ಲಿ ಹುವಾ ಎಂದು ಭಾವಿಸಿಕೊ’ ಎಂದೇ ಶುರುವಾಗುತ್ತದೆ. ವರ್ಷಗಳಿಂದ ಲಕ್ಷ ಲಕ್ಷ ಮಕ್ಕಳು ಲಿ ಹುವಾ ಆಗಿ ಪತ್ರ ಬರೆದಿದ್ದಾರೆ. ಲಿ ಹುವಾ ವಿದೇಶದ ಗೆಳೆಯನನ್ನು ಹಬ್ಬಕ್ಕೆ ಕರೆಯುತ್ತಾನೆ, ಬರಲಾಗದ್ದಕ್ಕೆ ಕ್ಷಮೆ ಕೇಳುತ್ತಾನೆ, ಪುಸ್ತಕ ಕಳಿಸೆಂದು ಬೇಡುತ್ತಾನೆ. ಹುಡುಗನೋ ಹುಡುಗಿಯೋ ಅದೂ ಗೊತ್ತಿಲ್ಲ. ವಯಸ್ಸೂ ಆಗುವುದಿಲ್ಲ.

“ನಮ್ಮ ರವಿ ಇದ್ದಂಗೆ” ಎಂದಳು ಆ ಹುಡುಗಿ, ಮಾಸ್ಕಿನೊಳಗಿಂದ.

ಹೌದಲ್ಲ! ‘ಇಮ್ಯಾಜಿನ್ ಯು ಆರ್ ರವಿ ಆರ್ ರಶ್ಮಿ, ಗೌರ್ಮೆಂಟ್ ಹೈಸ್ಕೂಲ್, ತುಮಕೂರು’. ನಾನೂ ರವಿಯಾಗಿದ್ದವನೇ. ಶಾಲೆಯ ಟೂರಿಗೆ ದುಡ್ಡು ಕಳಿಸಿ ಎಂದು ಅಪ್ಪನಿಗೆ ಎಷ್ಟು ಪತ್ರ ಬರೆದಿದ್ದೇನೋ. ‘ಮೈ ಡಿಯರ್ ಫಾದರ್’ ಎಂದು ಶುರು, ‘ಯುವರ್ ಲವಿಂಗ್ ಸನ್’ ಎಂದು ಮುಗಿತಾಯ. ಅತ್ತ ನಮ್ಮಪ್ಪ ಸೊಸೈಟಿ ಸಾಲಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಇಂಗ್ಲಿಷು ಹೋಗಲಿ, ಕನ್ನಡದ ಕಾಗದ ಬಂದರೂ ಪೋಸ್ಟ್‌ಮನ್ನನ್ನೇ ಕೂರಿಸಿ ಮಜ್ಜಿಗೆ ಕೊಟ್ಟು ಓದಿಸುತ್ತಿದ್ದರು. ಟೂರಿಗೆ ನಾನು ನಿಜವಾಗಿ ದುಡ್ಡು ಕೇಳಿದ್ದು ಒಂದೇ ಸಲ, ಕೊಟ್ಟಿಗೆಯಲ್ಲಿ, ಅವರು ಹಾಲು ಕರೆಯುವಾಗ, ಕನ್ನಡದಲ್ಲಿ. ಅವರು ಏನೂ ಹೇಳಲಿಲ್ಲ. ಮಾರನೇ ವಾರ ತಿಪಟೂರಿಗೆ ಕೊಬ್ಬರಿ ಹಾಕಿಬಂದು ಜೇಬಿನಿಂದ ಮಡಿಸಿದ ನೋಟು ತೆಗೆದುಕೊಟ್ಟರು. ಆ ಉತ್ತರಕ್ಕೆ ಎಷ್ಟು ಅಂಕ ಎಂದು ಯಾವ ಬೋರ್ಡೂ ಗೊತ್ತುಮಾಡಿಲ್ಲ. ರವಿಯ ಅಪ್ಪ ಮಾತ್ರ ಇವತ್ತಿನವರೆಗೆ ರವಿಗೆ ಉತ್ತರ ಬರೆದಿಲ್ಲ. ಲಿ ಹುವಾನ ಗೆಳೆಯನೂ ಬರೆದಿಲ್ಲ. ಇಬ್ಬರೂ ಯಾವುದಾದರೂ ಸ್ಟೇಷನ್ನಿನಲ್ಲಿ, ಸಂಪಿಗೆ ರೋಡಿನಂಥದ್ದರಲ್ಲಿ, ಎದುರುಬದುರು ಕೂತರೆ ಮಾತಾಡಿಕೊಳ್ಳಲು ಬೇಕಾದಷ್ಟಿದೆ. ಇಂಗ್ಲಿಷ್ ಒಂದು ಬರಬೇಕು.

ಇನ್ನೊಂದು ಸಂಗತಿಯನ್ನೂ ಅಕ್ಕನ ಮಗ ಹೇಳಿದ. ಅದು ಇಂಗ್ಲಿಷಿನದಲ್ಲ, ಅವರ ಭಾಷೆಯದೇ ಪೇಪರು. 2017ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಗಾವೊಕಾವೊದಲ್ಲಿ ಒಂದು ಕಥೆ ಕೊಟ್ಟಿದ್ದರಂತೆ. ಮೀನಿನ ಕಣ್ಣಿನಲ್ಲಿ ಇನ್ನೂ ವಿಚಿತ್ರ ಹೊಳಪೊಂದಿತ್ತು ಎಂದು ಅದರ ಕೊನೆ. ಆ ಕೊನೆಯ ಬಗ್ಗೆ ವಿವರಿಸಿ ಎಂದು ಪ್ರಶ್ನೆ. ತಲೆಕೆಟ್ಟ ಮಕ್ಕಳು ಬರೆದವನನ್ನೇ ಹುಡುಕಿ ಹಿಡಿದು ಕೇಳಿದರೆ, ಅವನು ನನಗೂ ಗೊತ್ತಿಲ್ಲ ಎಂದುಬಿಟ್ಟ. ಅವನ ಪ್ಯಾಸೇಜು ನಮ್ಮ ಗುಬ್ಬಿ ಮೇಷ್ಟ್ರ ಕೈಗೆ ಸಿಕ್ಕಿದ್ದರೆ, ‘ದೇರ್ ವಾಸ್ ಎ ಸ್ಟ್ರೇಂಜ್ ಲೈಟ್ ಇನ್ ದ ಫಿಶಸ್ ಐ’ ಎಂದು ಫುಲ್‌ಸ್ಟಾಪಿನಿಂದ ಫುಲ್‌ಸ್ಟಾಪಿಗೆ ಇಳಿಸಿ ನಾವು ಪಾಸಾಗಿರುತ್ತಿದ್ದೆವು.

ಇದನ್ನೆಲ್ಲ ಕೇಳಲು ಅಮ್ಮ ಆಗ ಇರಲಿಲ್ಲ. ಅವಳನ್ನು ಲೈಟ್‌ಹೌಸಿಗೆ ಕರೆದುಕೊಂಡು ಹೋದದ್ದು ಅದಕ್ಕೂ ಬಹಳ ಹಿಂದೆ, ನನಗೆ ಉಡುಪಿ ಕಡೆಗೆ ವರ್ಗವಾಗಿದ್ದಾಗ. ಕಾಪುವಿನಲ್ಲಿ ಸಮುದ್ರದ ದಂಡೆಗೇ ಒಂದು ಬಂಡೆ, ಅದರ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಮಂಡಿನೋವು, ಮೇಲೆ ಹತ್ತಲಾರೆ ಎಂದು ಅವಳು ಮರಳಿನ ಮೇಲೆ ಸೆರಗು ಹರಡಿ ಕೂತಳು. ಸಮುದ್ರವನ್ನು ಅವಳು ನೋಡಿದ್ದು ಅದೇ ಮೊದಲು. “ಕುಣಿಗಲ್ ಕೆರೆ ಕೋಡಿ ಬಿದ್ದಂಗೈತೆ” ಎಂದು ಅದನ್ನು ಅಲ್ಲಿಗೇ ಮುಗಿಸಿದಳು.

ಕತ್ತಲಾಗುತ್ತ ಬಂತು. ಮೇಲೆ ದೀಪ ಹತ್ತಿಕೊಂಡು ತಿರುಗತೊಡಗಿತು. ಇನ್ನು ಮುಚ್ಚಿಡಬಾರದು ಎನ್ನಿಸಿತು. “ಅಮ್ಮ, ಇದೇ ಕಣಮ್ಮ ಲೈಟ್‌ಹೌಸು” ಎಂದು ಶುರುಮಾಡಿ, ಮೇಷ್ಟ್ರ ಡಿಕ್ಟೇಷನ್ನು, ಎರಡು ‘ಇ’, ಕುಣಿಗಲ್ಲಿನ ಪೆನ್ಸಿಲು, ಎಲ್ಲವನ್ನೂ ಒಪ್ಪಿಸಿದೆ. ಅದು ಕುರಿಯಲ್ಲ ಹಡಗು, ಟಗರಲ್ಲ ಕ್ಯಾಪ್ಟನ್ನು, ಕೊಂಬಿಗೆ ನೀಲಿಯೂ ಬಳಿದಿರಲಿಲ್ಲ.

ಅಮ್ಮ ದೀಪವನ್ನೇ ನೋಡುತ್ತಿದ್ದಳು. ಬೆಳಕು ನೀರಿನ ಮೇಲೆ ಒಂದು ಸುತ್ತು ಹೋಗಿ ಬಂತು.

“ಹಡಗೋ ಕುರಿಯೋ ಏನೋ ಒಂದು. ಸಿಕ್ಕಿದ್ವಾ?”

“ಸಿಕ್ಕಿದ್ವಮ್ಮ” ಎಂದೆ.

“ಎಲ್ಲಾವೂ?”

ನಾನು ನೀರಿನ ಕಡೆ ನೋಡಿದೆ. ಇಳಿಸಿಕೊಳ್ಳಲು ಅಲ್ಲಿ ಯಾವ ಸಾಲೂ ಇರಲಿಲ್ಲ.